ಒಂದೇ ಬೂಟು ಬಿಚ್ಚಿದ ಅಪ್ಪ: ಒಂದು ಮಣ್ಣಿನ ಕೆಲಸದ ಲಾಗ್

ಮೊದಲ ಹೇಳ್ಬಿಡ್ತೀನಿ, ನಾ ಆರ್ಟ್ ಸ್ಕೂಲಿಗೆ ಹೋದಾಕಿ ಅಲ್ಲ. ಪುಣೇದ ಹಿಂಜವಡಿಯಾಗ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ಶನಿವಾರ ಐತ್ವಾರ ನಿಗಡಿ ಮನಿ ಬಾಲ್ಕನಿಯಾಗ ಮಣ್ಣು ಕಲಸ್ಕೋತ ಕುಂಡ್ರತೀನಿ. ದೀಪ, ಕುಂಡ, ಮೂರು ಗಣಪ್ಪ, ಎರಡು ಬೆಕ್ಕು ಮಾಡೀನಿ, ಅದ್ರಾಗ ಒಂದು ಬೆಕ್ಕನ್ನ ನೋಡಿದವ್ರೆಲ್ಲಾ ಮೊಲ ಅಂತಾರ. ಮನುಷ್ಯಾನ್ನ ಮಾಡಿದ್ದು ಇದ ಮೊದಲು, ಅದೂ ಅಪ್ಪನ್ನ. 2023ರ ಮಳಿಗಾಲದ ಕೆಲಸ ಇದು, ಮೊನ್ನೆ ಕಪಾಟು ಸ್ವಚ್ಛ ಮಾಡೋವಾಗ ಅಪ್ಪನ ವಹಿ ಸಿಕ್ತು, ಅದಕ್ಕ ಈಗ ಬರಿಯಾಕತ್ತೀನಿ. ಈ ಲಾಗಿನ್ಯಾಗ ಎಲ್ಲೆಲ್ಲಿ ಅಳತಿ ತೂಕ ಬರ್ತೈತೋ ಅದೆಲ್ಲಾ ಆ ವಹಿಯಿಂದ ತಗೊಂಡಿದ್ದು, ನಂದು ಅಂದಾಜಿನ ಲೆಕ್ಕ, ನಂಬಬ್ಯಾಡ್ರಿ.

ಅಪ್ಪ 1988ರಾಗ ಮುಂಡರಗಿ ಕಡೆಯಿಂದ ಪುಣೆಕ್ಕ ಬಂದಾಂವ. ಭೋಸರಿಯ ಒಂದು ವರ್ಕ್‌ಶಾಪಿನ್ಯಾಗ ಲೇಥ್ (ಲೋಹದ ತುಂಡು ತಿರುವಿ ಕಡಿಯೋ ಮಷೀನು) ಮುಂದ ನಿಂತ, 35 ವರ್ಷ ನಿಂತ. 2023ರ ಮೇ 31ಕ್ಕ ರಿಟೈರ್ ಆದ. ಅವತ್ತು ಸಂಜಿಮುಂದ ಮನಿಗೆ ಬಂದಾಗ ಒಂದು ಕೈಯಾಗ ಶಾಲು ಹಾರ, ಇನ್ನೊಂದರಾಗ ಗ್ವಾಡಿ ಗಡಿಯಾರ (ರಿಟೈರ್ ಆದವ್ರಿಗೆ ಗಡಿಯಾರ ಯಾಕ ಕೊಡ್ತಾರೋ ನನಗಂತೂ ತಿಳಿದಿಲ್ಲ, ಇನ್ಮ್ಯಾಲ ಟೈಮ್ ನೋಡಿ ಮಾಡೋದರ ಏನೈತಿ). ಬಾಗಿಲ ಹತ್ರ ಬೂಟು ಬಿಚ್ಚಾಕ ಒಂದು ಸಣ್ಣ ಕಟ್ಟಿ ಐತಿ. ಅದರ ಮ್ಯಾಲ ಕುಂತ, ಒಂದು ಸೇಫ್ಟಿ ಬೂಟು ಬಿಚ್ಚಿದ, ಇನ್ನೊಂದು ಬಿಚ್ಚಲಿಲ್ಲ. ಹಂಗ ಕುಂತಬಿಟ್ಟ. ಅಳಲಿಲ್ಲ, ಮಾರಿ ಸಪ್ಪಗೂ ಮಾಡ್ಲಿಲ್ಲ, ಯಾರನ್ನೂ ಕರೀಲಿಲ್ಲ. ಒಂದು ಹತ್ತು ನಿಮಿಷ ಇರಬೇಕು. ಅವ್ವ ಚಾ ತಂದ್ಲು, ಇನ್ನೊಂದು ಬಿಚ್ಚಿ ಎದ್ದು ಒಳಗ ಹೋದ, ಅಷ್ಟ. ನಾ ಸೋಫಾದ ಮ್ಯಾಲ ಲ್ಯಾಪ್‌ಟಾಪ್ ಹಿಡ್ಕೊಂಡು ಕುಂತಿದ್ದೆ, ನೋಡಿಯೂ ನೋಡದಂಗ ಇದ್ದೆ. ಆ ಹತ್ತು ನಿಮಿಷಕ್ಕ ಏನಂತಾರ ಅಂತ ಶಬ್ದ ಹುಡುಕಿದೆ, ಸಿಗ್ಲಿಲ್ಲ, ಮಣ್ಣಿನ್ಯಾಗರ ಸಿಗ್ತೈತೇನೋ ನೋಡೂಣು ಅಂತ ಶುರು ಮಾಡಿದ್ದು.

ಮಣ್ಣು ತಂದದ್ದು ಮುಂಢವಾದ ಕೇಶವನಗರದ ಕುಂಬಾರವಾಡಾದಿಂದ, 15 ಕೆಜಿ, ಸೋಸಿ ತುಳಿದಿಟ್ಟ ಕೆಂಪು ಮಣ್ಣು. ಗಣಪ್ಪಗ ತರೋ ಶಾಡು ಮಣ್ಣು ಇದಕ್ಕ ಬ್ಯಾಡ, ಅದು ನುಣ್ಣಗ ಛಲೋ ಆಗ್ತೈತಿ ಖರೆ, ಆದ್ರ ಅದು ಒಣಗಿಸಿ ಬಣ್ಣ ಹಚ್ಚಿ ನೀರಿಗೆ ಬಿಡೋ ಮಣ್ಣು, ನನಗ ಸುಟ್ಟು ಇಟ್ಕೊಳ್ಳೋದು ಬೇಕಿತ್ತು. ಊರಿನ ಎರಿ ಮಣ್ಣಂತೂ ಕೇಳಬ್ಯಾಡ್ರಿ. ಬ್ಯಾಸಿಗಿಯಾಗ ಹೊಲ ಬಿರಕು ಬಿಡೋದು ಯಾಕಂದ್ರ ಅದ್ರಾಗ ಮಾಂಟ್‌ಮೊರಿಲ್ಲೊನೈಟ್ ಅನ್ನೋ ಜಾತಿ ಜೇಡಿ ಇರ್ತೈತಿ, ನೀರು ಕುಡಿದು ಉಬ್ಬಿ ಒಣಗಿದಾಗ ಹಂಗ ಕುಗ್ಗತೈತಿ, ಅದರಿಂದ ಒಂದು ಗೇಣು ಮನುಷ್ಯಾನ್ನ ಮಾಡಿದ್ರ ವಾರದಾಗ ನಾಲ್ಕು ತುಂಡು.

ಬರೇ ಕುಂಬಾರ ಮಣ್ಣೂ ದಪ್ಪ ಮೂರ್ತಿಗೆ ಸಾಲಂಗಿಲ್ಲ. ಗ್ರಾಗ್ ಬೇಕು, ಅಂದ್ರ ಸುಟ್ಟ ಮಣ್ಣಿನ ಪುಡಿ. ಅದು ಒಂದ್ಸಲ ಕುಗ್ಗಿ ಮುಗಿಸಿರ್ತೈತಿ, ಹೊಳ್ಳಿ ಕುಗ್ಗಂಗಿಲ್ಲ, ನಡುನಡುವ ಕುಂತು ನೀರು ಹೊರಗ ಹೋಗಾಕ ದಾರಿ ಬಿಡ್ತೈತಿ. ಒಡೆದ ಮಟಕಿ ಚೂರು ಕುಟ್ಟಿ ಚಾ ಜಾಳಗಿಯಾಗ ಸೋಸಬೇಕು, ಭಾಳ ಬ್ಯಾಸರದ ಕೆಲಸ. ರಿಟೈರ್ ಆಗಿ ನಾಲ್ಕನೇ ದಿನಕ್ಕ ಅಪ್ಪ ಮೂರು ಪೇಪರ್ ಓದಿ ಮುಗಿಸಿ, ಫ್ಯಾನಿಗೆ ಎಣ್ಣಿ ಬಿಟ್ಟು, ಎಲ್ಲಾ ಬಾಗಿಲ ಕೀಲು ಟೈಟ್ ಮಾಡಿ ಕುಂತಿದ್ದ. ಇದನ್ನರ ಕುಟ್ಟಿ ಕೊಡು ಅಂದೆ. ಎಷ್ಟು ಮೆಶ್ (ಜಾಳಗಿ ತೂತಿನ ಅಳತಿ) ಬೇಕು ಅಂದ. ಚಾ ಜಾಳಗಿ ಮೆಶ್ ಅಂದೆ. ಒಂದು ನಮೂನಿ ನೋಡಿದ. ಮರುದಿನ ಐತ್ವಾರ, ಜೂನಾ ಬಜಾರಿಗೆ ಹೋಗಿ ಎರಡು ಸೈಜಿನ ಹಿತ್ತಾಳಿ ಜಾಳಗಿ ತಂದು, ದಪ್ಪಂದು ಸಣ್ಣದು ಅಂತ ಎರಡು ಡಬ್ಬಿ ಮಾಡಿ, ಡಬ್ಬಿ ಮ್ಯಾಲ ಚೀಟಿ ಅಂಟಿಸಿ ಇಟ್ಟ. ಜೊತಿಗೆ ಹಳೇ ಹ್ಯಾಕ್‌ಸಾ ಬ್ಲೇಡು ನಾಲ್ಕು. ಅವನ್ನ ಕಲ್ಲಿಗೆ ತಿಕ್ಕಿ ಒಂದನ್ನ ಅರ್ಧಚಂದ್ರ, ಒಂದನ್ನ ಮೂಲಿ, ಒಂದನ್ನ ನೆಟ್ಟಗ ಮಾಡಿ ಕೊಟ್ಟ. ಅಂಗಡಿಯಾಗ ತಗೊಂಡ ಟೂಲ್ ಸೆಟ್ಟಿನಕಿಂತ ಇವ ಛಲೋ, ಹಲ್ಲಿನ ಕಡೆಯಿಂದ ಕೆರೆದ್ರ ಉಬ್ಬು ತಗ್ಗು ಎಲ್ಲಾ ಒಂದ ಸಮ ಬರ್ತೈತಿ, ಇನ್ನೊಂದು ಕಡೆಯಿಂದ ನುಣ್ಣಗ.

ಗ್ರಾಗ್ ತೂಕದಾಗ ನೂರಕ್ಕ 15 ಹಾಕಿದ್ವಿ. ವಹಿ ಶುರು ಆಗಿದ್ದು ಇಲ್ಲಿಂದ. ಮೊದಲ ಪುಟದಾಗ ದೊಡ್ಡ ಅಕ್ಷರದಾಗ "ಜಾಬ್ ನಂ. 1", ಕೆಳಗ "ಡ್ರಾಯಿಂಗ್: ಇಲ್ಲ" (ವರ್ಕ್‌ಶಾಪಿನ್ಯಾಗ ಮಾಡೋ ತುಂಡಿಗೆ ಜಾಬ್ ಅಂತಾರ, ಅದರ ಅಳತಿ ನಕ್ಷಾಕ್ಕ ಡ್ರಾಯಿಂಗ್). ಅಂವ ಏನು ಮಾಡಾಕತ್ತೀದಿ ಅಂತ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಜೂನ್ 10-11. ಮೂರ್ತಿ ಗಟ್ಟಿಯಾಗೇ ಕಟ್ಟಿದೆ, ಆಮ್ಯಾಲ ಕೊಯ್ದು ಒಳಗ ಟೊಳ್ಳು ಮಾಡೋ ಪದ್ಧತಿ. ಒಳಗ ತಂತಿ ಹಾಕಂಗಿಲ್ಲ, ಮಣ್ಣು ಒಣಗ್ತಾ ಕುಗ್ಗತೈತಿ, ತಂತಿ ಕುಗ್ಗಂಗಿಲ್ಲ, ಹೊಟ್ಟಿ ಸೀಳಿ ಬರ್ತೈತಿ. ಕುಂತ ಮನುಷ್ಯಾ ಅಂದ್ರ ಅದೊಂದು ಅನುಕೂಲ, ಕಟ್ಟಿ ಮ್ಯಾಲೆ ಭಾರ ಬಿಡ್ತೈತಿ, ನಿಂತಿದ್ರ ಕಾಲು ಮುರೀತಿದ್ದು. ಎತ್ತರ ಕಟ್ಟಿ ಸೇರಿ 30 ಸೆಂ.ಮೀ. ತೊಡಿ ಮ್ಯಾಲ ಮೊಣಕೈ, ಎಡಗೈಯಾಗ ಬಿಚ್ಚಿದ ಬೂಟು, ಬಲಗೈ ಖಾಲಿ. ಎರಡು ದಿನದಾಗ ಮೈ ನಿಂತಿತು, ನನಗ ಖುಷಿ. ಮುಂದಿನ ಶನಿವಾರ ಪೂರ್ತಿ ಮುಖಕ್ಕ ಕೊಟ್ಟೆ. ಮುಖದಾಗ ಎಲ್ಲಾ ಐತಿ ಅಂತ ತಿಳ್ಕೊಂಡಿದ್ದೆ ನೋಡ್ರಿ. ಹುಬ್ಬು ನಡುವ ಎತ್ತಿದೆ, ತುಟಿ ಕೊನಿ ಇಳಿಸಿದೆ, ಕಣ್ಣಿನ ಕೆಳಗ ಗೆರಿ. ಅವ್ವ ತವಾ ಹಿಡ್ಕೊಂಡು ಬಂದಾಕಿ ನಿಂತು ನೋಡಿ, "ಯಾರವಾ ಇಂವ, ಹಲ್ಲು ನೋವೇನು?" ಅಂದ್ಳು.

ಅಳಿಸಿದೆ. ಎರಡನೇ ಮುಖ ಮಾಡಿದೆ, ಈ ಸಲ ಗೆರಿ ಕಡಿಮಿ, ಅದು ಟಿವಿ ಸೀರಿಯಲ್ಲಿನ ಮಾವನ ಗತೆ ಕಾಣಾಕತ್ತಿತು. ಮೂರನೇದ್ದು ಅಪ್ಪನ ಆಧಾರ್ ಫೋಟೋ ನೋಡಿ ಮಾಡಿದ್ದು, ಆಧಾರ್ ಫೋಟೋದಾಗ ಯಾರು ತಾವು ಇದ್ದಂಗ ಇರ್ತಾರ ಹೇಳ್ರಿ. ರಾತ್ರಿ ಹತ್ತಕ್ಕ ತಲಿ ಪೂರ್ತಿ ಕಿತ್ತಿ ಮಣ್ಣಿನ ಡಬ್ಬಿಗೆ ಒಗೆದು ಮಲ್ಕೊಂಡೆ. ನನಗ ಆವಾಗ ಗೊತ್ತಾಗದ್ದು ಏನಂದ್ರ ಅವತ್ತು ಸಂಜಿ ಅಪ್ಪನ ಮುಖದಾಗ ಏನೂ ಇರಲಿಲ್ಲ, ಏನೂ ಇರಲಿಲ್ಲ ಅನ್ನೋದ ವಿಷಯ, ನಾ ಇಲ್ಲದ್ದನ್ನ ತಂದು ಮೆತ್ತಾಕತ್ತಿದ್ದೆ.

ಮರುದಿನ ಜೂನ್ 18, ಐತ್ವಾರ, ಮಣ್ಣೆತ್ತಿನ ಅಮಾಸಿ. ಪುಣೇದಾಗ ಇದನ್ನ ಮಾಡೋವ್ರು ಕಡಿಮಿ, ಇಲ್ಲಿಯವ್ರದ್ದು ಎತ್ತಿನ ಹಬ್ಬ ಬೈಲಪೋಳಾ, ಶ್ರಾವಣದ ಅಮಾಸಿಗೆ. ನಮ್ಮನಿಯಾಗ ಅವ್ವ ಬಿಟ್ಟಿಲ್ಲ. ಊರಾಗ ಎರಿ ಮಣ್ಣಿನ್ಯಾಗ ಮಾಡೋದು, ಇಲ್ಲಿ ನನ್ನ ಡಬ್ಬಿಗೆ ಕೈ ಹಾಕಿದ್ಳು, ಸರಿಯಾಗಿ ನಿನ್ನೆ ಕಿತ್ತೊಗೆದ ತಲಿನ ತಗೊಂಡ್ಳು. ಐದು ನಿಮಿಷ, ಎರಡು ಎತ್ತು, ಮುಂದೊಂದು ಗ್ವಾದಲಿ. ಕಣ್ಣಿಗೆ ಜ್ವಾಳದ ಕಾಳು. ಮೂಗಿಲ್ಲ ಬಾಯಿಲ್ಲ, ನಾಲ್ಕು ಕಾಲು ಅಂದ್ರ ನಾಲ್ಕು ಗೂಟ. ಆದ್ರ ಒಂದು ಎತ್ತು ಗರ್ವದ್ದು, ಇನ್ನೊಂದು ದಣಿದದ್ದು. ಎಲ್ಲಿಂದ ಬಂತು ಅಂತ ಹೊಳ್ಳಿಸಿ ಹೊಳ್ಳಿಸಿ ನೋಡಿದೆ. ಒಂದಕ್ಕ ಕುತ್ತಿಗಿ ಇಣಿಯಿಂದ ಮ್ಯಾಲೆದ್ದೈತಿ, ಇನ್ನೊಂದಕ್ಕ ಇಣಿಯಿಂದ ಕೆಳಗ ಇಳದೈತಿ, ಬೆರಳಿನ ಒಂದ ಒತ್ತು ಅಷ್ಟ ಫರಕು. ಯಾಕ ಹಿಂಗ ಮಾಡಿದಿ ಅಂದ್ರ ಆಕಿ, "ಎಡಕ್ಕ ಹೂಡೋದು ಬ್ಯಾರೆ ಬಲಕ್ಕ ಹೂಡೋದು ಬ್ಯಾರೆ ಅಲ್ಲೇನವಾ, ನಮ್ಮ ಮನಿ ಎಡದ್ದು ಹಂಗ ಇತ್ತು. ಅದಲಾಬದಲಿ ಮಾಡಿದ್ರ ಸಾಲು ಹಿಡೀತಿರಲಿಲ್ಲ" ಅಂದ್ಳು. ಎಂದೋ ಸತ್ತುಹೋದ ಎತ್ತು ಅದು.

ಆ ಮಧ್ಯಾಹ್ನ ಹೊಳ್ಳಿ ಕುಂತೆ. ತಲಿ ಬರೇ ಒಂದು ಗುಂಡು ಮಾಡಿ ಇಟ್ಟು, ಕಣ್ಣಿದ್ದಲ್ಲಿ ಹೆಬ್ಬೆರಳಿಂದ ಎರಡು ತಗ್ಗು, ನಡುವ ಮೂಗಿನ ದಿಂಡು, ಮುಗೀತು. ಉಳಿದ ಎಲ್ಲಾ ಕೆಲಸ ಬೆನ್ನಿಗೆ. ಹಿಂದಕ ಫೋಟೋದಾಗ ನೋಡಿದ್ದು ನೆನಪಾತು, ಜರ್ಮನಿಯ ಕೇಟೆ ಕೋಲ್ವಿಟ್ಜ್ ಅನ್ನೋ ಶಿಲ್ಪಿ ಇದ್ಳು, ಆಕಿ ಸಣ್ಣ ಮಗ ಪೀಟರ್ 1914ರ ಅಕ್ಟೋಬರದಾಗ ಯುದ್ಧದಾಗ ಸತ್ತ, ಅವನ ಸ್ಮಾರಕ ಮಾಡ್ತೀನಿ ಅಂತ ಹೊರಟಾಕಿ ಮಲಗಿದ ಮಗನ್ನ ಮಾಡಾಕ ಹೋಗಿ, ಬಿಟ್ಟು, ಹೊಳ್ಳಿ ಹಿಡಿದು, ಕಡೀಕ 1932ರಾಗ ಬೆಲ್ಜಿಯಂನ ಸ್ಮಶಾನದಾಗ ನಿಂದರಿಸಿದ್ದು ಬರೇ ಮೊಣಕಾಲೂರಿದ ತಂದಿ ತಾಯಿನ್ನ. ಮಗ ಇಲ್ಲವೇ ಇಲ್ಲ. ಆ ತಂದಿ ತನ್ನ ಎರಡೂ ಕೈಯಿಂದ ತನ್ನ ಮೈನ ಬಿಗಿ ಹಿಡ್ಕೊಂಡಾನ, ಬಿಟ್ರ ಎಲ್ಲಿ ಬಿಚ್ಚಿ ಹೋಗ್ತೀನೋ ಅನ್ನೋ ಹಂಗ. ನಮ್ಮಪ್ಪಂದು ಅಂಥಾ ದುಃಖ ಅಲ್ಲ, ಹೋಲಿಕಿ ಮಾಡೋದ ತಪ್ಪು, ಆದ್ರ ಕೈ ಎಲ್ಲಿ ಐತಿ ಅನ್ನೋದು ಕಣ್ಣಿನಕಿಂತ ಹೆಚ್ಚು ಹೇಳ್ತೈತಿ ಅನ್ನೋದು ಅಲ್ಲಿಂದ ಹೊಳೀತು.

ಬೆನ್ನಿಗೆ ಮಾಡಿದ್ದು ಇದು. ಲೇಥಿನವ್ರ ಬಲಭುಜ ಒಂದು ಎಳಿ ಕೆಳಗ ಇರ್ತೈತಿ ಅಂತ ಅಲ್ಲ, ಎಲ್ಲಾರಿಗೂ ಇರ್ತೈತೋ ಇಲ್ಲೋ, ಅಪ್ಪಗ ಐತಿ. ಅದನ್ನ ಇಳಿಸಿದೆ. ಬೆನ್ನೆಲುಬು ಮೊದಲ ಗೋಲಾಗಿ ಬಾಗಿಸಿದ್ದೆ, ಅದು ನಿದ್ದಿ ಮಾಡಿದಂಗ ಕಾಣ್ತಿತ್ತು. ಅವತ್ತು ಅಂವ ಬಾಗಿರಲಿಲ್ಲ, ಬೂಟು ಬಿಚ್ಚಾಕ ಬಾಗಿದಾಂವ ಅರ್ಧಕ್ಕ ನಿಂತಿದ್ದ. ಸೊಂಟದಿಂದ ಮುಂದ ಬಂದ ಬೆನ್ನು ಕುತ್ತಿಗಿ ಬುಡಕ್ಕ ಬಂದು ಅಲ್ಲೇ ನಿಲ್ಲಬೇಕು, ತಲಿ ಪೂರ್ತಿ ಬೀಳಬಾರದು. ಇದನ್ನ ಹಿಡಿಯಾಕ ನಾಲ್ಕು ಸಂಜಿ ಹೋದ್ವು. ರಾತ್ರಿ ಟ್ಯೂಬ್‌ಲೈಟ್ ಆರಿಸಿ ಮೊಬೈಲ್ ಟಾರ್ಚು ಸುತ್ತ ತಿರುವಿ ನೋಡೋದು, ಟ್ಯೂಬ್‌ಲೈಟಿನ್ಯಾಗ ಎಲ್ಲಾ ಚಪ್ಪಟಿ ಕಾಣ್ತೈತಿ, ಒಂದು ಬದಿಯಿಂದ ಬೆಳಕು ಬಿದ್ರ ಸುಳ್ಳು ಎಲ್ಲೈತಿ ಅಂತ ಆ ನೆರಳ ಹೇಳ್ತೈತಿ. ಇನ್ನೊಂದು ಯುಕ್ತಿ, ಮೂರ್ತಿ ಹಿಂದ ಟಾರ್ಚ್ ಇಟ್ಟು ಬರೇ ಕಪ್ಪು ಆಕಾರ ನೋಡ್ರಿ, ಅದರಾಗ ಮನುಷ್ಯಾ ಏನು ಮಾಡಾಕತ್ತಾನ ಅಂತ ತಿಳೀಲಿಲ್ಲಂದ್ರ ಮ್ಯಾಲಿನ ನಕಾಸಿ ಕೆಲಸ ಎಷ್ಟು ಮಾಡಿದ್ರೂ ವ್ಯರ್ಥ.

ಇನ್ನ ಕೈ. ಅಪ್ಪನ ಬಲಗೈ ಬೆರಳು ಪೂರ್ತಿ ಚಾಚಂಗಿಲ್ಲ. ಟಿವಿ ನೋಡೋವಾಗೂ ಅರ್ಧ ಮುಚ್ಚಿದ್ದ ಇರ್ತಾವು. ಅದನ್ನ ನೋಡಿ ನೋಡಿ ಮಾಡಿದ್ರ ಮಣ್ಣಿನ್ಯಾಗ ಭಿಕ್ಷಾ ಬೇಡೋ ಕೈಯಾತು, ಮುಚ್ಚಿದ್ರ ಸಿಟ್ಟಿನ ಮುಷ್ಟಿ. ಆಮ್ಯಾಲ ಒಂದು ಪೆನ್ಸಿಲ್ ತಗೊಂಡೆ. ಲೇಥಿನ ಹ್ಯಾಂಡಲ್ ಈ ಅಳತಿಯಾಗ ಪೆನ್ಸಿಲ್‌ನಷ್ಟ ದಪ್ಪ ಆಗ್ತಿತ್ತು. ಪೆನ್ಸಿಲ್ಲಿಗೆ ಒಂದು ಸುತ್ತು ಪೇಪರ್ ಸುತ್ತಿ, ಮಣ್ಣಿನ ಕೈಯಾಗ ಇಟ್ಟು, ಬೆರಳು ಒಂದೊಂದಾಗಿ ಅದರ ಮ್ಯಾಲ ಕೂಡಿಸಿ, ಹೆಬ್ಬೆರಳು ಮ್ಯಾಲ ಒತ್ತಿ, ಗಟ್ಟಿಯಾಗಿ ಹಿಡಿಯೂ ಹಂಗ ಮಾಡಿದೆ. ಎರಡು ತಾಸು ಬಿಟ್ಟು ಮಣ್ಣು ಸ್ವಲ್ಪ ಬಿಗಿ ಆದಮ್ಯಾಲ ಪೆನ್ಸಿಲ್ ತಿರುವಿ ತಿರುವಿ ಹೊರಗ ಎಳೆದೆ. ಕೈ ಹಂಗ ಉಳೀತು. ನಾ ಆಮ್ಯಾಲ ಆ ಕೈಗೆ ಏನೂ ಮಾಡ್ಲಿಲ್ಲ, ಒಂದು ಬೆರಳಿನ ಸಂದೂ ತಿದ್ದಲಿಲ್ಲ, ಮುಟ್ಟಾಕ ಹೆದರಿಕಿ ಆತು.

ಸೋಮವಾರದಿಂದ ಶುಕ್ರವಾರದ ತನಕ ನಾ ಆಫೀಸಿಗೆ, ಮೂರ್ತಿ ಮ್ಯಾಲ ಒದ್ದಿ ಬಟ್ಟಿ, ಅದರ ಮ್ಯಾಲ ಪ್ಲಾಸ್ಟಿಕ್. ಆ ವರ್ಷ ಮಳಿ ತಡಾ ಆಗಿ ಬಂತು, ಜೂನ್ ಮೂರನೇ ವಾರದಾಗೂ ಬಿಸಿಗಾಳಿ, ಬಟ್ಟಿ ಮಧ್ಯಾಹ್ನಕ್ಕ ಒಣಗ್ತಿತ್ತು. ಅಪ್ಪಗ ಹೇಳಿದ್ದೆ ದಿನಕ್ಕ ಎರಡ್ಸಲ ಸ್ಪ್ರೇ ಹೊಡಿ ಅಂತ. ವಹಿಯಾಗ ಐತಿ ನೋಡ್ರಿ: "ಜೂ 20 ಮಂಗಳ. 11:00 ನೀರು. 16:00 ನೀರು. ಜೂ 21 ಬುಧ. 11:00 ನೀರು. 16:05 ನೀರು, 5 ಮಿನಿಟ್ ಲೇಟ್, ಸಿಲಿಂಡರ್ ಬಂದಿತ್ತು." ಅಂದ್ರ ದಿನಾ ಎರಡ್ಸಲ ಪ್ಲಾಸ್ಟಿಕ್ ತೆಗೆದು, ಬಟ್ಟಿ ಬಿಚ್ಚಿ, ಮೂರ್ತಿನ್ನ ನೋಡ್ತಿದ್ದ. ಒಂದು ಮಾತೂ ಆಡಲಿಲ್ಲ. ನಾ ಗುಟ್ಟಿನ್ಯಾಗ ಮಾಡೀನಿ ಅಂತ ತಿಳ್ಕೊಂಡಿದ್ದೆ, ಎಂಥಾ ಜಾಣಿ.

ಜುಲೈ 1. ಟೊಳ್ಳು ಮಾಡೋದು. ಮಣ್ಣು ಚಪ್ಪಲಿ ಚರ್ಮದಂಗ ಆಗಿರಬೇಕು, ಒತ್ತಿದ್ರ ತಗ್ಗು ಬೀಳಬಾರದು, ಉಗುರು ಊರಿದ್ರ ಗೆರಿ ಬೀಳಬೇಕು. ಗಿಟಾರ್ ತಂತಿಯಿಂದ ಎದಿ ಮಟ್ಟದಾಗ ಅಡ್ಡ ಕೊಯ್ದೆ, ಆಮ್ಯಾಲ ಕಟ್ಟಿ ತಳದಿಂದ. ಅಪ್ಪನ್ನ ಅಡ್ಡ ಕೊಯ್ಯೋದು ಅಂದ್ರ ಒಂದು ನಮೂನಿ ಅನಿಸ್ತೈತಿ, ಇರ್ಲಿ. ಚಮಚಾದಿಂದ ಒಳಗಿನ ಮಣ್ಣು ಕೆತ್ತಿ ಗ್ವಾಡಿ ಒಂದೂಕಾಲು ಸೆಂ.ಮೀ. ಉಳಿಸಿದೆ. ದಪ್ಪ ಒಂದ ಸಮ ಇರಬೇಕು, ಯಾಕಂದ್ರ ತೆಳ್ಳಗಿದ್ದದ್ದು ಮೊದಲ ಒಣಗಿ ಕುಗ್ಗತೈತಿ, ದಪ್ಪಿದ್ದದ್ದು ಇನ್ನೂ ಹಸಿ ಇರ್ತೈತಿ, ಇಬ್ಬರ ಜಗಳದಾಗ ನಡುವ ಬಿರಕು. ತೂಕ ಮೊದಲ 8.6 ಕೆಜಿ, ಟೊಳ್ಳಾದ ಮ್ಯಾಲ 5.2. ಕೊಯ್ದ ಅಂಚಿಗೆ ಹ್ಯಾಕ್‌ಸಾ ಹಲ್ಲಿಂದ ಅಡ್ಡಾದಿಡ್ಡಿ ಗೀರಿ, ಅದ ಮಣ್ಣನ್ನ ವಿನೆಗರದಾಗ ಕಲಸಿದ ರಾಡಿ ಹಚ್ಚಿ, ಒತ್ತಿ ಕೂಡಿಸಿದೆ. ತಳಕ್ಕ ಬೆರಳು ಹೋಗುವಷ್ಟು ತೂತು, ಒಳಗಿನ ಹಬಿ ಹೊರಗ ಹೋಗಾಕ.

ಬಿರಕು ಬಂದೇ ಬಂತು. ಜುಲೈ 11ರ ವಹಿ: "ಬೂಟಿಲ್ಲದ ಕಾಲು, ಹಿಂಬಡ ಹತ್ರ ಕ್ರ್ಯಾಕ್. ಉದ್ದ 14 ಮಿ.ಮೀ. ಅಗಲ ಬ್ಲೇಡ್ ಹೋಗಂಗಿಲ್ಲ." ಬೂಟಿಲ್ಲದ ಪಾದ ತೆಳ್ಳಗ, ಅದು ಕೂಡೋ ಮೀನಖಂಡ ದಪ್ಪ, ನಾ ಅಲ್ಲಿ ಟೊಳ್ಳು ಮಾಡಿರಲಿಲ್ಲ, ಮ್ಯಾಲ ಹೇಳಿದ ಜಗಳ ಅಲ್ಲೇ ಆತು. ಶಾಣ್ಯಾತನ ಬರಿಯೋದು ಬ್ಯಾರೆ ಮಾಡೋದು ಬ್ಯಾರೆ. ಇಷ್ಟು ಒಣಗಿದ ಮ್ಯಾಲ ಬರೇ ನೀರಿನ ರಾಡಿ ತುಂಬಿದ್ರ ಪ್ರಯೋಜನ ಇಲ್ಲ, ರಾಡಿ ಒಣಗಿ ತಾನ ಕುಗ್ಗಿ ಹೊಳ್ಳಿ ಅಲ್ಲೇ ಬಾಯಿ ಬಿಡ್ತೈತಿ. ಪೇಪರ್ ಕ್ಲೇ ಮಾಡಬೇಕು. ಟಾಯ್ಲೆಟ್ ಪೇಪರ್ ಬಿಸಿನೀರಾಗ ನೆನೆಸಿ ಮಿಕ್ಸರ್ ಹೊಡೆದು (ಅವ್ವನ ಚಟ್ನಿ ಜಾರ್, ಈಗ ಆಕಿಗೆ ಗೊತ್ತಾಗ್ತೈತಿ) ಹಿಂಡಿ ಒಣ ಮಣ್ಣಿನ ಪುಡಿ, ಸಣ್ಣ ಗ್ರಾಗ್, ವಿನೆಗರ್ ಹಾಕಿ ಗಟ್ಟಿ ಮುದ್ದಿ. ಕಾಗದದ ನಾರು ಎರಡೂ ಬದಿ ಹಿಡಿದಿಡ್ತೈತಿ, ಸುಟ್ಟಾಗ ನಾರು ಉರಿದು ಹೋದ್ರೂ ಅಷ್ಟೊತ್ತಿಗೆ ಮಣ್ಣು ಕೂಡಿರ್ತೈತಿ. ಬಿರಕನ್ನ ಇನ್ನಷ್ಟು ಅಗಲ ಮಾಡಿ, ಎರಡೂ ಬದಿ ವಿನೆಗರ್ ಕುಡಿಸಿ, ಮುದ್ದಿ ಒತ್ತಿ ತುಂಬಿದೆ. ಮೂರು ದಿನಕ್ಕ ಹೊಳ್ಳಿ ಕೂದಲೆಳಿಯಷ್ಟು ಬಂತು, ಹೊಳ್ಳಿ ತುಂಬಿದೆ, ನಿಂತಿತು. ತಲಿ ಮ್ಯಾಲ ಪ್ಲಾಸ್ಟಿಕ್ ತೆಗೆದು ಪಾದಕ್ಕ ಮಾತ್ರ ಸುತ್ತಿಟ್ಟೆ, ಪಾದ ಕಡೀಕ ಒಣಗಲಿ ಅಂತ. ಇದನ್ನ ಮೊದಲ ಮಾಡಿದ್ರ ಬಿರಕ ಬರ್ತಿರಲಿಲ್ಲ.

ಆಗಸ್ಟ್ ಮೊದಲ ವಾರ, ವಹಿ ಪ್ರಕಾರ ಮೂರು ದಿನದಿಂದ ತೂಕ 4.3 ಕೆಜಿ, ಒಂದು ಗ್ರಾಮೂ ಇಳಿದಿಲ್ಲ. ಒಣಗಿತು ಅಂತ ಅಪ್ಪ ಸಹಿ ಹಾಕ್ಯಾನ. ಐತ್ವಾರ ಕ್ಯಾಬ್ ಮಾಡಿ ಕೇಶವನಗರಕ್ಕ ಹೊಂಟ್ವಿ. ಸುಡದ ಒಣ ಮಣ್ಣು ಬಿಸ್ಕೀಟಿನಕಿಂತ ನಾಜೂಕು, ಡಿಕ್ಕಿಯಾಗ ಇಡಂಗಿಲ್ಲ, ಅಪ್ಪ ತೊಡಿ ಮ್ಯಾಲ ತಲಿದಿಂಬು ಇಟ್ಟು ಅದರ ಮ್ಯಾಲ ಮೂರ್ತಿ ಇಟ್ಕೊಂಡು ಕುಂತ. ನಿಗಡಿಯಿಂದ ಮುಂಢವಾ ತನಕ ಎಷ್ಟು ಸ್ಪೀಡ್ ಬ್ರೇಕರ್ ಅದಾವು ಅಂತ ನನಗ ಅವತ್ತ ಗೊತ್ತಾಗಿದ್ದು. ಪ್ರತಿ ಸಲ ಅಂವ ದಿಂಬು ಸಮೇತ ಎರಡು ಇಂಚು ಮ್ಯಾಲೆತ್ತಿ ಹಿಡಿದು, ಗಾಡಿ ಇಳಿದ ಮ್ಯಾಲ ಇಳಿಸ್ತಿದ್ದ. ಡ್ರೈವರ್ ಕನ್ನಡಿಯಾಗ ನೋಡಿ ನೋಡಿ ಕಡೀಕ ತಡಿಲಾರದ, "ದೇವ ಆಹೇ ಕಾ?" ಅಂದ, ದೇವರೇನು ಅಂತ. ಅಪ್ಪ, "ನಾಹೀ, ಜಾಬ್ ಆಹೇ" ಅಂದ, ಅಲ್ಲ, ಜಾಬ್ ಐತಿ ಅಂತ.

ಅಲ್ಲಿ ಕುಂಬಾರ ಕಾಕಾ ಮೂರ್ತಿನ್ನ ತಿರುವಿ, ಕಟ್ಟಿಯ ತಳ ತನ್ನ ಗಲ್ಲಕ್ಕ ಹಚ್ಕೊಂಡು, ಕಣ್ಣು ಮುಚ್ಚಿ, "ಓಲಂ ಆಹೇ" ಅಂದ. ಹಸಿ ಐತಿ. ಗಲ್ಲಕ್ಕ ತಂಪು ಹತ್ತಿದ್ರ ಒಳಗ ನೀರು ಇನ್ನೂ ಆರಾಕತ್ತೈತಿ ಅಂತ ಅರ್ಥ. ಅಪ್ಪಗ ಸಿಟ್ಟು. ವಹಿ ತೆರೆದು ತೋರಿಸಿದ, ಮೂರು ದಿನ, ಅದ ತೂಕ, ಇದಕ್ಕಿಂತ ಏನು ಬೇಕು. ಕಾಕಾ ವಹಿ ನೋಡಲಿಲ್ಲ, ಅಪ್ಪನ ಗಲ್ಲಕ್ಕ ಮೂರ್ತಿ ಹಚ್ಚಿದ. ಅಪ್ಪ ಸುಮ್ಮನಾದ. ಆಮ್ಯಾಲ ನಾ ವಿಚಾರ ಮಾಡಿದ್ರ ಇಬ್ಬರದ್ದೂ ಖರೇನ, ಮಳಿಗಾಲದಾಗ ಗಾಳೀನ ಹಸಿ ಇರ್ತೈತಿ, ಮಣ್ಣು ಆ ಗಾಳಿಗೆ ಸರಿಸಮ ಆಗುವಷ್ಟು ಒಣಗಿ ಅಲ್ಲೇ ನಿಂದರತೈತಿ, ಕಾಟಾ ಅಲ್ಲಾಡಂಗಿಲ್ಲ, ಆದ್ರ ಒಳಗ ನೀರು ಐತಿ. ಆ ನೀರಿರೋವಾಗ ಭಟ್ಟಿಗೆ ಹಾಕಿದ್ರ 100 ಡಿಗ್ರಿ ದಾಟಿದ ಕೂಡ್ಲೆ ಹಬಿ ಆಗಿ 1600 ಪಟ್ಟು ಉಬ್ಬತೈತಿ, ಮಣ್ಣಿನ ಸಂದಿಯಿಂದ ಅಷ್ಟು ಲಗೂನ ಹೊರಗ ಹೋಗಾಕ ಆಗಂಗಿಲ್ಲ, ಢಮ್. ಭಟ್ಟಿಯಾಗ ಮೂರ್ತಿ ಒಡೆದ್ರ ಒಳಗ ಗಾಳಿ ಗುಳ್ಳಿ ಇತ್ತು ಅಂತ ಎಲ್ಲಾರೂ ಗಾಳಿ ಮ್ಯಾಲ ಹಾಕ್ತಾರ, ಬಹಳ ಸಲ ತಪ್ಪು ನೀರಿಂದು.

ಕಾಕಾ ಅದನ್ನ ಇಟ್ಕೊಂಡ. ಬ್ಯಾರೆಯವ್ರ ಮಟಕಿ ಸುಡೋ ಭಟ್ಟಿ ಬದಿಗೆ ನಾಲ್ಕು ದಿನ ಬೆಚ್ಚಗ ಇಡ್ತೀನಿ, ಆಮ್ಯಾಲ ಸುಡ್ತೀನಿ ಅಂದ. ನಾ ಆಫೀಸ್ ಬಿಟ್ಟು ಬರಾಕ ಆಗ್ಲಿಲ್ಲ. ವಹಿಯಾಗ ಆ ವಾರದ್ದು: "ಆ 8 ಮಂಗಳ. ಬಸ್ಸು ಎರಡು ಬದಲಿ. ತೂಕ 4.22. ಗಲ್ಲ: ತಂಪು. ಆ 10 ಗುರು. 4.16. ಗಲ್ಲ: ತಂಪಿಲ್ಲ. ಚಾ ಕುಡದ್ವಿ." ಗಲ್ಲಕ್ಕ ಬ್ಯಾರೆ ಕಾಲಮ್ಮೇ ಹಾಕಿಬಿಟ್ಟಾನ. 11ಕ್ಕೂ ಹೋಗ್ಯಾನ, ಅವತ್ತು ಮೂರ್ತಿ ಬಗ್ಗೆ ಏನೂ ಬರದಿಲ್ಲ, "ಕಾಕಾನ ಚಕ್ರದ ಬೇರಿಂಗ್ ಗ್ರೀಸ್ ಮಾಡಿದೆ" ಅಂತ ಅಷ್ಟ ಐತಿ.

12ರ ರಾತ್ರಿ ಸುಟ್ರು. ಕಟಗಿ, ತೆಂಗಿನ ಕರಟ, ಸಿಬರು, ಮ್ಯಾಲ ಒಡೆದ ಬೋಕಿ ಮುಚ್ಚಿ ಬೂದಿ. ಮೊದಲ ಮೂರು ನಾಲ್ಕು ತಾಸು ಬರೇ ಹೊಗಿ, ಉರಿ ಹತ್ತಾಕ ಬಿಡಲಿಲ್ಲ. ಆಮ್ಯಾಲ ಸಂದಿಯಿಂದ ನೋಡಿದ್ರ ಒಳಗ ಕೆಂಪು, ಆ ಕೆಂಪಿನ ಬಣ್ಣ ನೋಡೇ ಕಾಕಾ ಸಾಕು ಅಂದ. ನಾ ಮುಂಜಾನೆ ತೆರಿಯೋಣ ಅಂದ್ರ ಸಂಜಿ ತನಕ ಮುಟ್ಟಾಕ ಬಿಡಲಿಲ್ಲ, ಅದು ಸರಿನ, ಮಣ್ಣಿನ್ಯಾಗಿನ ಉಸುಕು 573 ಡಿಗ್ರಿಯಾಗ ಒಮ್ಮೆಲೆ ಗಾತ್ರ ಬದಲಿ ಮಾಡ್ತೈತಿ, ಏರೋವಾಗೂ ಇಳಿಯೋವಾಗೂ, ತಣ್ಣನ ಗಾಳಿ ಬಿದ್ರ ಅಲ್ಲೇ ಟಣ್ ಅಂತ ಸೀಳತೈತಿ.

ತೆಗೆದಾಗ ಎತ್ತರ 27.6 ಸೆಂ.ಮೀ. ಜೊತಿಗೆ ಇಟ್ಟಿದ್ದ ಅಳತಿ ಪಟ್ಟಿ 10 ಇದ್ದದ್ದು ಒಣಗಿ 9.3, ಸುಟ್ಟು 9.2, ಅಂದ್ರ ನೂರಕ್ಕ 8 ಕುಗ್ಗೈತಿ, ಮೂರ್ತಿನೂ ಸರಿಯಾಗಿ ಅಷ್ಟ. ತೇಪಿ ಹಾಕಿದ ಹಿಂಬಡ ಗಟ್ಟಿ ಐತಿ. ಬಲಭುಜದಿಂದ ಸೊಂಟದ ತನಕ ಒಂದು ಕರೀ ಪಟ್ಟಿ ಬಂದೈತಿ, ಆ ಬದಿ ಗಾಳಿ ಸಿಕ್ಕಿಲ್ಲ, ಆಕ್ಸಿಜನ್ ಇಲ್ಲದಲ್ಲಿ ಮಣ್ಣಿನ ಕಬ್ಬಿಣ ಕೆಂಪಾಗಂಗಿಲ್ಲ, ಕರ್ರಗಾಗ್ತೈತಿ, ಹೊಗಿ ಮಸಿನೂ ಒಳಗ ಹೊಕ್ಕತೈತಿ. ಹೊಳ್ಳಿ ಸುಟ್ರ ಹೋಗ್ತೈತಿ ಅಂದ ಕಾಕಾ. ನಾ ಬ್ಯಾಡ ಅಂದೆ, ಎಣ್ಣಿ ಹತ್ತಿದ ಅಂಗಿ ಹಂಗ ಕಾಣ್ತೈತಿ, ಅಪ್ಪನ ಅಂಗಿಗೆ ಅದ ಬದಿಗೆ ಹತ್ತಿರ್ತಿತ್ತು. ಕೈಯಾಗ ಹಿಡಿದ ಬೂಟಿನ ತುದಿ ಮಾತ್ರ ಹಾರಿ ಬಿದ್ದಿತ್ತು, ಬೂದಿಯಾಗ ಹುಡುಕಿದ್ರ ಚೂರು ಸಿಕ್ತು. ಮನಿಗೆ ಬಂದು ಅರಾಲ್ಡೈಟಿನ್ಯಾಗ ಅದ ಮಣ್ಣಿನ ಸುಟ್ಟ ಪುಡಿ ಕಲಿಸಿ ಅಂಟಿಸಿದೆ. ಪುಡಿ ಕಲಿಸದಿದ್ರ ಜೋಡಿದ್ದಲ್ಲಿ ಹಳದಿ ಗೆರಿ ಹೊಳೀತೈತಿ. ಅಂಟು ಪೂರ್ತಿ ಬಿಗಿ ಆಗೋ ಮೊದಲ ಮ್ಯಾಲ ಇನ್ನಷ್ಟು ಒಣ ಪುಡಿ ಉದುರಿಸಿ ಬೆರಳಿಂದ ಒತ್ತಿದ್ರ ಜೋಡು ಕಾಣಂಗಿಲ್ಲ.

ಬಾಗಿಲ ಹತ್ರ ಅದ ಕಟ್ಟಿ ಮ್ಯಾಲ ಇಟ್ಟೆ. ಅವ್ವ ಬಂದು ನೋಡಿದ್ಳು, ಈ ಸಲ ಯಾರು ಅಂತ ಕೇಳಲಿಲ್ಲ, ಸೆರಗಿಂದ ಅದರ ಬೆನ್ನಿನ ಬೂದಿ ಒರಿಸಿ ಒಳಗ ಹೋದ್ಳು. ಅಪ್ಪ ಚಸ್ಮಾ ಹಾಕ್ಕೊಂಡು ಕುಂತು ಸುತ್ತ ತಿರುವಿ ನೋಡಿದ. ಬಲಗೈ ಹತ್ರ ಬಂದು ನಿಂತ. ಕಿಸೆದಾಗಿಂದ ಪೆನ್ಸಿಲ್ ತೆಗೆದು ಆ ಕೈಯಾಗ ತೂರಿಸಿದ, ಹೋಗ್ಲಿಲ್ಲ, ನೂರಕ್ಕ 8 ಕುಗ್ಗೈತಲ್ಲ. "ಕ್ರಾಸ್ ಸ್ಲೈಡ್ ಹ್ಯಾಂಡಲ್ ಹಿಂಗ ಹಿಡಿಯೋದು, ಬರೋಬ್ಬರಿ ಐತಿ" ಅಂದ. ಆಮ್ಯಾಲ ಕೆಳಗ ನೋಡಿದ.

"ಬಲದ ಬೂಟು ಬಿಚ್ಚೀದಿ. ನಾ ಯಾವಾಗ್ಲೂ ಎಡದ್ದು ಮೊದಲ ಬಿಚ್ಚೋದು."

ನನಗ ಎದಿ ಝಲ್ ಅಂತು. ದಿನಾ ಎರಡ್ಸಲ ನೀರು ಹೊಡೀತಿದ್ದಿ, ಒಂದೂವರಿ ತಿಂಗಳು ನೋಡೀದಿ, ಆವಾಗ ಯಾಕ ಹೇಳಲಿಲ್ಲ, ಹಸಿ ಇದ್ದಾಗ ಹೇಳಿದ್ರ ಅರ್ಧ ತಾಸಿನ ಕೆಲಸ ಅಂದೆ.

"ಡ್ರಾಯಿಂಗ್ ಎಲ್ಲಿ ಕೊಟ್ಟಿದ್ದಿ?" ಅಂದ. "ಡ್ರಾಯಿಂಗ್ ಇಲ್ಲದ ಜಾಬ್ ಹೆಂಗ ಚೆಕ್ ಮಾಡ್ಲಿ." ವಹಿ ತೆಗೆದು ಜಾಬ್ ನಂ. 1ರ ಕೆಳಗ ಬರೆದ, ಈಗ ನನ್ನ ಮುಂದ ಐತಿ ಆ ಪುಟ: "ಎಡ-ಬಲ ಅದಲಾಬದಲಿ. ಬಾಕಿ ಓಕೆ."